ಮಾಡಿದವರ ಹೆಸರು

ಹುಣಸೂರು,
17 ನವೆಂಬರ್ 2025, ಸೋಮವಾರ

ಪುಟ್ಟಿಯ ಅಪ್ಪನಿಗೆ ಪವಿತ್ರಾಳ ಪ್ರೀತಿಯ ನಮಸ್ಕಾರಗಳು.

ಹೇಗಿದ್ದೀರಿ? ಹೋದ ಸಲ ನಾನು ಮೈಸೂರಿಗೆ ನಿಮ್ಮನ್ನು ನೋಡಲು ಬಂದಾಗ ಬಹಳ ಕೆಮ್ಮುತ್ತಿದ್ದಿರಿ. ಕಂಬಿಯ ಆ ಕಡೆ ನೀವು ಕೆಮ್ಮಿದರೆ ಈ ಕಡೆ ನನಗೆ ಎದೆ ಹಿಡಿದಂತಾಗುತ್ತದೆ. ಅಲ್ಲಿನ ಡಾಕ್ಟರಿಗೆ ತೋರಿಸಿದಿರಾ? ತೋರಿಸದೆ ‘ತೋರಿಸಿದೆ’ ಎಂದು ಬರೆಯಬೇಡಿ. ನೀವು ಸುಳ್ಳು ಬರೆದರೆ ಅಕ್ಷರ ಬಲಕ್ಕೆ ವಾಲುತ್ತದೆ, ನನಗೆ ಗೊತ್ತಾಗುತ್ತದೆ. ಚಳಿ ಶುರುವಾಗಿದೆ, ಸ್ವೆಟರನ್ನು ಗಂಟು ಕಟ್ಟಿ ಇಡದೆ ಹಾಕಿಕೊಳ್ಳಿ. ನಿಮ್ಮ ಜೊತೆಯಲ್ಲಿರುವ ಚಿಕ್ಕಮಾದಯ್ಯನವರ ಮಂಡಿನೋವು ಹೇಗಿದೆ? ನಾವಿಬ್ಬರೂ ಚೆನ್ನಾಗಿದ್ದೇವೆ. ಅಂಗಡಿಯಲ್ಲಿ ಮದುವೆ ಕಾಲದ ಹೊಲಿಗೆ ಕೆಲಸ ತುಂಬಿದೆ, ಸೀರೆಗೆ ಫಾಲ್ಸ್ ಹಾಕಿ ಹಾಕಿ ಬೆರಳ ತುದಿ ಒರಟಾಗಿದೆ. ಪುಟ್ಟಿಗೆ ಮೇಲಿನ ಹಲ್ಲೊಂದು ಬಿದ್ದು ಹೊಸದು ಓರೆಯಾಗಿ ಬರುತ್ತಿದೆ, ನಿಮ್ಮದರ ಹಾಗೆಯೇ. ಈ ಕಾಗದವನ್ನು ನಿಮಗಿಂತ ಮೊದಲು ಓದುವ ಜೈಲಿನ ಸಾಹೇಬರಿಗೂ ನಮಸ್ಕಾರ. ಈ ಸಲ ಉದ್ದವಾಗುತ್ತದೆ, ಅವರು ಬೇಸರಿಸಬಾರದು. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ನಿಮಗೆ ಕೊಡುವ ಆ ಸ್ವಲ್ಪ ಹೊತ್ತಿನಲ್ಲಿ ಅರ್ಧ ‘ಊಟ ಆಯ್ತಾ’ ಎನ್ನುವುದಕ್ಕೇ ಹೋಗುತ್ತದೆ. ಇದು ಅವಸರದಲ್ಲಿ ಹೇಳುವ ವಿಷಯವಲ್ಲ. ನೀವೂ ಅವಸರ ಮಾಡಬೇಡಿ. ಓದಿ, ಮನಸ್ಸಿನಲ್ಲಿಟ್ಟುಕೊಂಡು, ಆಮೇಲೆ ಬರೆಯಿರಿ.

ವಿಷಯ ನೀವು ಪುಟ್ಟಿಗೆ ಮಾಡಿಕೊಟ್ಟ ಪುಸ್ತಕದ್ದು. ಯುಗಾದಿಯ ಮುಂದೆ ಅಲ್ಲಿನ ಅಧಿಕಾರಿಗಳ ಅನುಮತಿ ಪಡೆದು ಗೇಟಿನಲ್ಲಿ ನನ್ನ ಕೈಗೆ ಕೊಡಿಸಿದಿರಲ್ಲ, ಅದೇ. ಮನೆಗೆ ತಂದು ತೆರೆದಾಗ ನಮಗೆ ಕಂಡದ್ದೇನು ಎಂದು ನಾನು ನಿಮಗೆ ಸರಿಯಾಗಿ ಹೇಳಿಯೇ ಇಲ್ಲ. ಹೊರಗಿನಿಂದ ನೋಡಿದರೆ ಗೆದ್ದಲು ತಿಂದು ರಟ್ಟು ಕಿತ್ತುಹೋದ ಇಂಗ್ಲಿಷ್ ಡಿಕ್ಷನರಿ. ರದ್ದಿಯವನೂ ಮುಟ್ಟಲಾರ. ಪುಟ್ಟಿ ನಡುವೆ ತೆರೆದಳು ನೋಡಿ, ಒಳಗೆ ಒಂದು ಹೊಲ! ಹಾಳೆಯ ಕೆಳಗೆ ಹಾಳೆ, ಒಂದಕ್ಕಿಂತ ಒಂದನ್ನು ಸ್ವಲ್ಪ ಸ್ವಲ್ಪ ಒಳಕ್ಕೆ ಹರಿದು ಇಳಿಜಾರು ಹೊಲವನ್ನೇ ಎಬ್ಬಿಸಿದ್ದಿರಿ. ಬ್ಲೇಡು, ಕತ್ತರಿ ಕೊಡುವುದಿಲ್ಲ, ಬೆರಳು ಒದ್ದೆ ಮಾಡಿಕೊಂಡು ಉಗುರಿನಲ್ಲೇ ಹರಿದೆ ಎಂದು ಆಮೇಲೆ ಹೇಳಿದಿರಿ. ಅದಕ್ಕೇ ಇರಬೇಕು, ಅಂಚುಗಳೆಲ್ಲ ಉತ್ತ ಮಣ್ಣಿನಂತೆ ಉಬ್ಬುತಗ್ಗಾಗಿದ್ದವು. ಹೊಲಕ್ಕೆ ಇಟ್ಟಿಗೆ ಪುಡಿಯ ಕೆಂಪು, ರಾಗಿ ತೆನೆಗೆ ಅರಿಸಿನ, ಬದುವಿಗೆ ಟೀ ಡಿಕಾಕ್ಷನ್ನಿನ ಕಂದು. ಬಣ್ಣವೆಲ್ಲ ಅಲ್ಲಿ ಅಡುಗೆಮನೆ ಕೆಲಸದಲ್ಲಿರುವ ಚಿಕ್ಕಮಾದಯ್ಯನವರದು ಎಂದಿರಿ. ಬಿಸ್ಕತ್ ಪೊಟ್ಟಣದ ಬೆಳ್ಳಿ ಕಾಗದ ನಾಲೆಯಾಗಿ ಹೊಳೆಯುತ್ತಿತ್ತು. ಬದುವಿನ ಮೇಲೆ ಪುಸ್ತಕದ್ದೇ ದಾರ ಹೊಸೆದು ಮಾಡಿದ ಹೊಂಗೆಮರ, ಅದರ ಬುಡದಲ್ಲಿ ಕಡಲೆಕಾಯಿಯಷ್ಟು ದೊಡ್ಡ ಇಬ್ಬರು ಹುಡುಗರು. ಆಕಾಶಕ್ಕೆ ಮಾತ್ರ ಬಣ್ಣ ಹಾಕಿರಲಿಲ್ಲ, ಅಲ್ಲಿ ಇಂಗ್ಲಿಷ್ ಪದಗಳು ಹಾಗೇ ಉಳಿದಿದ್ದವು. ಪುಟ್ಟಿ ಬಗ್ಗಿ ಬಗ್ಗಿ ಓದಿ, ‘ಅಮ್ಮಾ, ಅಪ್ಪನ ಆಕಾಶದಲ್ಲಿ ಬರೀ ಎಮ್ ಅಕ್ಷರದ ಪದಗಳೇ ಇವೆ’ ಎಂದಳು. ಅಂದಿನಿಂದ ಅವಳು ಅದನ್ನು ಅಕ್ಕಿಡಬ್ಬದ ಮೇಲಿಟ್ಟು, ಸ್ಕೂಲಿಗೆ ಹೋಗುವ ಮುಂಚೆ ಒಮ್ಮೆ ತೆರೆದು ನೋಡಿಯೇ ಹೋಗುತ್ತಿದ್ದಳು.

ರಾಜ್ಯೋತ್ಸವಕ್ಕೆ ಶಾಲೆಯಲ್ಲಿ ವಸ್ತುಪ್ರದರ್ಶನವಿತ್ತು. ಮನೆಯಲ್ಲಿ ಕೈಯಿಂದ ಮಾಡಿದ್ದು ಏನಾದರೂ ತನ್ನಿ ಎಂದಿದ್ದರಂತೆ. ಒಬ್ಬಳು ಅಜ್ಜಿ ಹೆಣೆದ ಮಂಕರಿ ತಂದಳಂತೆ, ಇನ್ನೊಬ್ಬ ತೆಂಗಿನ ಚಿಪ್ಪಿನ ಸೌಟು. ನಮ್ಮವಳು ನನ್ನನ್ನು ಕೇಳದೆ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿದ್ದಳು. ಅವಳ ಟೀಚರು ರೂಪಶ್ರೀ ಎಂದು, ಚಿಕ್ಕ ವಯಸ್ಸಿನವರು, ಕೆ.ಆರ್. ನಗರದ ಕಡೆಯವರು. ಅದನ್ನು ಮೇಜಿನ ಮೇಲಿಟ್ಟು ತೆರೆದಾಗ ಮಕ್ಕಳೆಲ್ಲ ಮುಗಿಬಿದ್ದು ಮೇಜು ಜರುಗಿಹೋಯಿತಂತೆ. ‘ಯಾರಮ್ಮ ಮಾಡಿದ್ದು?’ ಎಂದರೆ ‘ನಮ್ಮಪ್ಪ’ ಎಂದಿದ್ದಾಳೆ. ‘ಎಲ್ಲಿದ್ದಾರೆ?’ ಎಂದರೆ ‘ವಯನಾಡಲ್ಲಿ, ಶುಂಠಿ ಕೆಲಸಕ್ಕೆ ಹೋಗಿದ್ದಾರೆ’ ಎಂದಿದ್ದಾಳೆ. ಅದು ನಾನೇ ಕಲಿಸಿದ ಮಾತು ಎಂದು ನಿಮಗೂ ಗೊತ್ತು. ಊರು ಬಿಟ್ಟು ಹುಣಸೂರಿಗೆ ಬಂದು ಈ ಬಾಡಿಗೆ ಮನೆ ಹಿಡಿದಾಗ ಓನರ್ ರಾಮಮ್ಮನವರಿಗೂ ಅದನ್ನೇ ಹೇಳಿದ್ದೆವು. ನಮ್ಮ ಕಡೆಯಿಂದ ಶುಂಠಿ ಕೆಲಸಕ್ಕೆ ಹೋದವರು ಎಷ್ಟೋ ಜನ, ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಟೀಚರು ಸಂಜೆ ನನಗೆ ಫೋನ್ ಮಾಡಿ, ಫೋಟೋ ತೆಗೆದಿದ್ದೇನೆ, ನನ್ನ ಇನ್‌ಸ್ಟಾಗ್ರಾಂನಲ್ಲಿ ಹಾಕಲೇ, ಮಾಡಿದವರ ಹೆಸರು ಏನೆಂದು ಬರೆಯಲಿ ಎಂದು ಕೇಳಿದರು. ಹಾಕಿ, ಹೆಸರು ಬೇಡ ಎಂದೆ. ‘ನಮ್ಮ ವಿದ್ಯಾರ್ಥಿನಿಯ ತಂದೆ ಮಗಳಿಗಾಗಿ ಮಾಡಿದ್ದು’ ಎಂದಷ್ಟೇ ಬರೆದು ಹಾಕಿದರು.

ನೀವು ಒಳಗೆ ಹೋದ ಮೇಲೆ ಈ ಮೊಬೈಲಿನ ಪ್ರಪಂಚ ಎಷ್ಟು ಬೆಳೆದಿದೆ ಎಂದು ಹೇಗೆ ಹೇಳಲಿ? ಒಂದು ವಾರದೊಳಗೆ ಆ ಫೋಟೋವನ್ನು ಸಾವಿರಾರು ಜನ ನೋಡಿದರು. ಎಲ್ಲಿ ಎಲ್ಲಿಯವರೋ. ಇಂಥದ್ದಕ್ಕೆ ಒಂದು ಕಲೆ ಎಂದೇ ಹೆಸರಿದೆಯಂತೆ, ಹಳೆಯ ಪುಸ್ತಕವನ್ನು ಹರಿದು, ಮಡಿಸಿ, ಅಂಟಿಸಿ ಬೇರೆಯದನ್ನೇ ಮಾಡುವುದು. ಲೋಕದಲ್ಲಿ ಅದನ್ನೇ ಕಸುಬಾಗಿ ಮಾಡುವವರಿದ್ದಾರೆ ಎಂದು ಟೀಚರು ಹೇಳಿದಾಗ ನನಗೆ ನಗು ಬಂತು, ನಮ್ಮವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ ಎಂದು ಹೆಮ್ಮೆಯೂ ಆಯಿತು. ಹೊಗಳಿದವರೇ ಹೆಚ್ಚು. ಒಬ್ಬರು ಮಾತ್ರ ‘ಪುಸ್ತಕ ಅಂದರೆ ಸರಸ್ವತಿ, ಹರಿದವರಿಗೆ ಒಳ್ಳೆಯದಾಗದು’ ಎಂದು ಬರೆದಿದ್ದರು. ಅದಕ್ಕೆ ಇನ್ನೊಬ್ಬರು ‘ಗೆದ್ದಲಿಗೂ ಒಂದು ಮಾತು ಹೇಳಿ ಸ್ವಾಮಿ’ ಎಂದು ಉತ್ತರ ಕೊಟ್ಟಿದ್ದರು. ಓದಿ ನಾನೂ ಪುಟ್ಟಿಯೂ ಬಿದ್ದು ಬಿದ್ದು ನಕ್ಕೆವು. ಆ ನಗು ಹೆಚ್ಚು ದಿನ ಇರಲಿಲ್ಲ. ಲಕ್ಷಗಟ್ಟಲೆ ಜನ ನೋಡುವ ಯಾವುದೋ ಪೇಜಿನವರು ಟೀಚರ ಹೆಸರಿದ್ದ ಅಂಚನ್ನು ಕತ್ತರಿಸಿ, ತಮ್ಮ ಗುರುತು ಒತ್ತಿ, ತಮ್ಮ ಕಲಾವಿದರೇ ಮಾಡಿದ್ದು ಎಂಬಂತೆ ಹಾಕಿಕೊಂಡಿದ್ದರು. ಬೇಕಾದವರು ಆರ್ಡರ್ ಕೊಡಬಹುದು ಎಂದು ಬೇರೆ! ಅದರ ಕೆಳಗೆ ಮತ್ತೊಂದಷ್ಟು ಜನ, ‘ಇದು ಮನುಷ್ಯರು ಮಾಡಿದ್ದಲ್ಲ, ಕಂಪ್ಯೂಟರ್ ಮಾಡಿದ ಚಿತ್ರ, ಎಐ’ ಎಂದು ಹಳಿದಿದ್ದರು. ಕದ್ದದ್ದಕ್ಕಿಂತ ಪುಟ್ಟಿಗೆ ಈ ಮಾತೇ ಚುಚ್ಚಿತು. ‘ನಮ್ಮಪ್ಪ ಉಗುರಲ್ಲಿ ಹರ್ದಿರೋದು ಅಂತ ಬರೀರಿ ಮಿಸ್, ಬರೀರಿ’ ಎಂದು ಕ್ಲಾಸಿನಲ್ಲೇ ಅತ್ತಳಂತೆ.

ರೂಪಶ್ರೀ ಟೀಚರು ಸುಮ್ಮನಿರುವ ಜಾತಿಯಲ್ಲ. ಆ ಪೇಜಿನವರಿಗೆ ಬರೆದರು. ‘ನಮಗೆ ಎಲ್ಲೋ ಸಿಕ್ಕಿದ್ದು, ಬೇರೆಯವರು ಮಾಡಿದ್ದು ಅಂತಾದರೆ ಯಾರು ಅಂತ ಹೆಸರು ಹೇಳಿ, ತೋರಿಸಿ’ ಎಂದು ಅವರು ಉತ್ತರಿಸಿದರು. ಟೀಚರು ಪುಟ್ಟಿಯ ಕೈಯಲ್ಲೇ ಪುಸ್ತಕ ತೆರೆಸಿ ಒಂದು ವೀಡಿಯೊ ಮಾಡಿದರು. ಮುಖ ತೋರಿಸಲಿಲ್ಲ, ಬರೀ ಅವಳ ಎರಡು ಕೈ. ಹಾಳೆ ಸರಿದಾಗಿನ ಸರಸರ ಸದ್ದು, ಇಟ್ಟಿಗೆ ಪುಡಿ ಉದುರಿ ಬೆರಳಿಗೆ ಅಂಟಿದ್ದು, ಎಲ್ಲ ಅದರಲ್ಲಿದೆ. ‘ಮಾಡಿದವರನ್ನು ಕೇಳಿ, ಅವರು ಒಪ್ಪಿದರೆ ಹೆಸರು ಹಾಕುತ್ತೇವೆ’ ಎಂದು ಕೆಳಗೆ ಬರೆದರು. ಅದನ್ನು ನೋಡಿದ ಮೇಲೆ ಜನರೇ ಆ ಪೇಜಿನವರನ್ನು ತರಾಟೆಗೆ ತೆಗೆದುಕೊಂಡರು, ಅವರು ಸದ್ದಿಲ್ಲದೆ ಚಿತ್ರ ತೆಗೆದುಹಾಕಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಮಾರನೆಯ ದಿನ ಟೀಚರು ನನ್ನನ್ನು ಶಾಲೆಗೆ ಕರೆಸಿದರು. ಮಕ್ಕಳನ್ನು ಆಟಕ್ಕೆ ಬಿಟ್ಟು, ಕ್ಲಾಸಿನ ಚಿಕ್ಕ ಬೆಂಚಿನ ಮೇಲೆ ನನ್ನನ್ನು ಕೂರಿಸಿ, ‘ಈಗ ಹೆಸರು ಹಾಕಲೇಬೇಕಲ್ವಾ ಅಮ್ಮಾ, ಎಲ್ಲರೂ ಕಾಯ್ತಿದ್ದಾರೆ’ ಎಂದರು. ಆ ಮುಖ ನೋಡಿ ಶುಂಠಿಯ ಕಥೆ ನನ್ನ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಹೇಳಿಬಿಟ್ಟೆ. ಅವರು ಮೈಸೂರಿನ ಜೈಲಿನಲ್ಲಿದ್ದಾರೆ, ಹೊಲದ ಬದುವಿನ ಜಗಳದಲ್ಲಿ ಸ್ವಂತ ದೊಡ್ಡಪ್ಪನ ಮಗನಿಗೆ ಹೊಡೆದರು, ಕೊಲ್ಲಬೇಕೆಂದು ಹೊಡೆದದ್ದಲ್ಲ, ಆದರೆ ಪೆಟ್ಟು ತಿಂದವರು ಸತ್ತರು ಎಂದೆ. ಟೀಚರು ಎದ್ದು ಹೋಗುತ್ತಾರೇನೋ ಎಂದುಕೊಂಡೆ, ಹೋಗಲಿಲ್ಲ. ‘ನೋಡಿ ಅಮ್ಮಾ, ಹೆಸರು ಹಾಕದೆ ಇದ್ರೆ ಆ ಪೇಜಿನವರಿಗೂ ನನಗೂ ಏನು ವ್ಯತ್ಯಾಸ? ಆದ್ರೆ ಅವರನ್ನ ಕೇಳದೆ ಹಾಕಿದ್ರೂ ತಪ್ಪೇ. ಬಣ್ಣ ಹಾಕಿದವರು ಬೇರೆ ಅಂದ್ರಲ್ಲ, ಅವರನ್ನೂ ಕೇಳ್ಬೇಕು. ಎಷ್ಟು ದಿನ ಆದ್ರೂ ಕಾಯ್ತೀನಿ’ ಎಂದರು. ಆ ಹೊತ್ತಿಗೆ ನನಗೆ ಎಷ್ಟು ಹಗುರವಾಯಿತು ಎಂದರೆ, ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬಳೇ ನಿಂತು ಕಬ್ಬಿನ ಹಾಲು ಕುಡಿದೆ. ನಂಬುತ್ತೀರಾ?

ಪುಟ್ಟಿಗೂ ಹೇಳಬೇಕಾಯಿತು. ಟೀಚರಿಗೆ ಗೊತ್ತಿದ್ದು ಮಗಳಿಗೆ ಗೊತ್ತಿಲ್ಲದಿದ್ದರೆ ಹೇಗೆ? ಶನಿವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚುತ್ತಾ, ಮುಖ ಕಾಣದ ಹಾಗೆ ಹಿಂದೆ ಕೂತು ಶುರುಮಾಡಿದೆ. ನಿನ್ನಪ್ಪ ವಯನಾಡಿನಲ್ಲಿ ಇಲ್ಲ ಕಣೇ ಎಂದಷ್ಟೇ ಅಂದಿದ್ದೆ. ‘ಗೊತ್ತು’ ಎಂದಳು. ಎಲ್ಲಿದ್ದಾರೆ ಗೊತ್ತಾ ಎಂದೆ. ‘ಜೈಲಲ್ಲಿ. ಊರಲ್ಲಿದ್ದಾಗ ಎಲ್ರೂ ಅದನ್ನೇ ಮಾತಾಡ್ತಿದ್ರಲ್ಲ, ನಾನೇನ್ ಕಿವುಡಿನಾ?’ ಎಂದಳು. ಮತ್ತೆ ವಯನಾಡು ಅಂತ ಯಾಕೆ ಹೇಳುತ್ತಿದ್ದೆ ಎಂದರೆ, ‘ನೀನು ಹಾಗೆ ಹೇಳು ಅಂದೆಯಲ್ಲ, ಹೇಳ್ದೆ ಇದ್ರೆ ನೀನು ಅಳ್ತೀಯ ಅಂತ’. ನನ್ನ ಕೈ ಅವಳ ತಲೆಯ ಮೇಲೆ ಹಾಗೇ ನಿಂತುಬಿಟ್ಟಿತು. ಅವಳು ತಿರುಗಿ ನೋಡಿ, ‘ಎಣ್ಣೆ ಕಿವಿಗೆ ಇಳೀತಿದೆ’ ಎಂದಳು. ಕಂಬಿಯ ಹಿಂದೆ ಅವಳ ಕಣ್ಣಿಗೆ ಬೀಳಬಾರದು ಎಂದು ನೀವು ಹಟ ಹಿಡಿದಿದ್ದಿರಿ. ಇನ್ನು ಅವಳನ್ನು ಮನೆಯಲ್ಲಿ ಬಿಟ್ಟು ಬರಲು ನನ್ನ ಹತ್ತಿರ ಕಾರಣ ಉಳಿದಿಲ್ಲ.

ಇನ್ನು ಹೇಳುವುದನ್ನು ಕೂತುಕೊಂಡು ಓದಿ. ವೀಡಿಯೊದ ಕೆಳಗೆ ನಮ್ಮೂರಿನ ಯಾವನೋ ಹುಡುಗ, ‘ಇದು ನಮ್ಮೂರ ಹೊಲ ಇದ್ದಂಗದೆ, ಅದೇ ಹೊಂಗೆಮರ’ ಎಂದು ಬರೆದಿದ್ದ. ನಾಳೆ ಹೆಸರು ಹಾಕಿದರೆ ಇಡೀ ಊರಿಗೆ ಗೊತ್ತಾಗುತ್ತದೆ. ಜನ ನಿಮ್ಮನ್ನು ಹೊಗಳುವುದನ್ನು ಸುನಂದ ದೊಡ್ಡವ್ವ ಯಾರದೋ ಮೊಬೈಲಿನಲ್ಲಿ ನೋಡಬೇಕೇ? ತಾಯಿ ಹೋದ ಮೇಲೆ ನಿಮ್ಮನ್ನು ಸಾಕಿದವರು ಅವರು. ಅವರ ಮಗನನ್ನು ಕಳೆದದ್ದು ನಾವು. ಯಾರು ಹೇಳಿದರೂ ಹೇಳದಿದ್ದರೂ ಮೊದಲು ಅವರನ್ನು ಕೇಳುವುದು ನ್ಯಾಯ ಎನಿಸಿತು. ನಿಮ್ಮ ಅಪ್ಪಣೆಗೆ ಕಾಯಲಿಲ್ಲ, ಕಾದಿದ್ದರೆ ಧೈರ್ಯ ಹೋಗುತ್ತಿತ್ತು. ಪುಟ್ಟಿಯನ್ನು ರಾಮಮ್ಮನವರ ಹತ್ತಿರ ಬಿಟ್ಟು ನಿನ್ನೆ ಪಿರಿಯಾಪಟ್ಟಣದ ಬಸ್ಸು ಹತ್ತಿದೆ. ಊರಿನ ಗೇಟಿನಲ್ಲಿ ಇಳಿದು ನಡೆದೆ. ರಾಗಿ ಬಲಿತಿದ್ದರಿಂದ ಹೊಲಗಳಲ್ಲಿ ಜನವಿದ್ದರು. ಕೆಲವರು ತಲೆ ಎತ್ತಿ ನೋಡಿದರು, ಯಾರೂ ಮಾತಾಡಿಸಲಿಲ್ಲ. ಮಾತಾಡಿಸದೆ ಇದ್ದದ್ದೇ ಒಳ್ಳೆಯದಾಯಿತು.

ದೊಡ್ಡವ್ವ ಜಗಲಿಯ ಮೇಲೆ ಒಣಗಿದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಾ ಕೂತಿದ್ದರು. ಬಹಳ ಇಳಿದುಹೋಗಿದ್ದಾರೆ. ಸೊಸೆ ಮಗುವನ್ನು ಕರೆದುಕೊಂಡು ತೌರಿನಲ್ಲೇ ಇದ್ದಾಳಂತೆ, ಹಬ್ಬಕ್ಕೆ ಬಂದು ಹೋಗುತ್ತಾಳಂತೆ. ನನ್ನನ್ನು ನೋಡಿ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ‘ಏನವ್ವ, ದಾರಿ ತೆಪ್ಪಿ ಬಂದ್ಯಾ?’ ಎಂದರು. ಇಲ್ಲ ದೊಡ್ಡವ್ವ, ನಿಮ್ಮನ್ನೇ ನೋಡಲು ಬಂದೆ, ಒಂದು ಮಾತು ಕೇಳಬೇಕಿತ್ತು ಎಂದೆ. ‘ಅವ್ನ ಬೇಗ ಬುಡ್ಸಕ್ಕೆ ಸೈನು ಗೀನು ಕೇಳಕ್ ಬಂದಿದ್ರೆ ಅಂಗೇ ಓಗು’ ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದರು. ಸೈನು ಅಲ್ಲ ಎಂದು ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಪುಸ್ತಕ, ಪುಟ್ಟಿ, ಟೀಚರು, ಕದ್ದವರು. ಎಷ್ಟು ಅರ್ಥವಾಯಿತೋ. ‘ಎಲ್ಲಿ, ತೋರ್ಸು’ ಎಂದರು. ಫೋನ್ ಕೊಟ್ಟೆ. ಬೆರಳಿಗೆ ಹೊಗೆಸೊಪ್ಪಿನ ಅಂಟು ಇದ್ದದ್ದರಿಂದ ಚಿತ್ರ ಅವರ ಮಾತು ಕೇಳಲಿಲ್ಲ, ನಾನೇ ಪಕ್ಕದಲ್ಲಿ ಕೂತು ದೊಡ್ಡದು ಮಾಡಿ ತೋರಿಸಿದೆ. ‘ಆಕಾಸ್ದಲ್ಲಿ ಏನ್ ಇವು, ಅಕ್ಸರ?’ ಎಂದರು. ಹೌದೆಂದೆ. ಮೆಲ್ಲಗೆ ಕೆಳಕ್ಕೆ ಬಂದರು. ‘ಇದು ನಮ್ ಮೂಡ್ಲ ಒಲ ಕಣ. ಓ, ಒಂಗೆಮರ.’ ಆಮೇಲೆ ಆ ಇಬ್ಬರು ಹುಡುಗರ ಹತ್ತಿರ ನಿಂತುಬಿಟ್ಟರು.

ನಾನು ಇಷ್ಟು ತಿಂಗಳಿಂದ ಆ ಪುಸ್ತಕ ನೋಡುತ್ತಿದ್ದೇನೆ. ಯಾರೋ ದನ ಮೇಯಿಸುವ ಹುಡುಗರು, ಪುಟ್ಟಿಗೆ ಸಂತೋಷವಾಗಲಿ ಎಂದು ಇಟ್ಟಿದ್ದೀರಿ ಎಂದುಕೊಂಡಿದ್ದೆ. ನೀವೂ ಹೇಳಲಿಲ್ಲ. ದೊಡ್ಡವ್ವ ಒಬ್ಬ ಹುಡುಗನ ಮೇಲೆ ಬೆರಳಿಟ್ಟು, ‘ಇವ್ನ್ ನೋಡು. ಎಡಗಾಲ್ ಮಡಿಸ್ಕಂಡು, ಗಲ್ಲುಕ್ ಕೈ ಕೊಟ್ಕಂಡು. ನನ್ ಮಗ ಇಂಗೇ ಕುಂತ್ಕತಿದ್ದ. ಗಲ್ಲುಕ್ ಕೈ ಕೊಡ್ಬ್ಯಾಡ ಕಣ್ಲಾ ಅಂತ ಎಷ್ಟ್ ಬೈದ್ರೂ ಕೇಳ್ತಿರ್ಲಿಲ್ಲ’ ಎಂದರು. ನೀಲಕಂಠ ಬಾವ. ಇನ್ನೊಬ್ಬ ನೀವು. ದೊಡ್ಡವ್ವ ಅಳಲಿಲ್ಲ. ಚಿತ್ರವನ್ನು ಆ ಕಡೆ ಈ ಕಡೆ ಜರುಗಿಸಿ ಏನನ್ನೋ ಹುಡುಕಿದರು. ‘ಬಾಂದ್‌ಕಲ್ ಎಲ್ಲಿ?’ ಎಂದರು. ನಾನೂ ನೋಡಿದೆ. ಬದುವಿನ ಮೇಲೆ ಮರವಿದೆ, ಹುಲ್ಲಿದೆ, ಹುಡುಗರಿದ್ದಾರೆ, ಸರ್ವೆಯವರು ಬಂದು ನೆಟ್ಟ ಕಲ್ಲು ಮಾತ್ರ ಇಲ್ಲ. ಜಮೀನು ಪಾಲಾಗಿ ಆ ಕಲ್ಲು ಬಂದ ಮೇಲಲ್ಲವೇ, ಒಂದು ಸಾಲು ಆ ಕಡೆ ಉತ್ತರು ಎಂದು ನಿಮ್ಮಿಬ್ಬರಿಗೂ ಮಾತು ಬೆಳೆದದ್ದು, ನೀವು ಗುದ್ದಲಿಯ ಕಾವು ಬೀಸಿದ್ದು, ಬಾವ ಬಿದ್ದಾಗ ತಲೆ ಆ ಕಲ್ಲಿಗೇ ಬಡಿದದ್ದು. ದೊಡ್ಡವ್ವ, ‘ಕಲ್ಲ ಬುಟ್‌ಬುಟ್ಟವ್ನೆ. ಪಾಲಾಗಕ್ ಮುಂಚಿಂದು ಇದು. ಇಬ್ರೂ ನನ್ ಕೈಲಿ ಉಂಡು ಓಗಿ ಅಲ್ಲಿ ಕುಂತ್ಕತಿದ್ರು’ ಎಂದು ಮೆತ್ತಗೆ ಹೇಳಿದವರು, ತಟ್ಟನೆ ನನ್ನ ಕಡೆ ತಿರುಗಿ, ‘ಚಿತ್ರದಲ್ ಬುಟ್‌ಬುಟ್ರೆ ಕಲ್ಲು ಓಗ್ಬುಡ್ತದೇನವ್ವ?’ ಎಂದರು. ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ಅವರಿಗೆ ನೀವೇ ಹೇಳಬೇಕು.

ಫೋನನ್ನು ಜಗಲಿಯ ಮೇಲಿಟ್ಟು ಮತ್ತೆ ಸೊಪ್ಪು ಬಿಡಿಸತೊಡಗಿದರು. ನಾನು ಎದ್ದು ನಿಂತೆ. ನೀವು ಬೇಡ ಅಂದರೆ ಹೆಸರು ಹಾಕುವುದಿಲ್ಲ ದೊಡ್ಡವ್ವ ಎಂದೆ. ಆಗ ಅವರು ಹೇಳಿದ್ದನ್ನು ಬಸ್ಸಿನಲ್ಲಿ ಬರುವಾಗ ಮರೆಯದಂತೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಂದಿದ್ದೇನೆ. ‘ನಾನ್ ಬ್ಯಾಡ ಅಂದ್ರೆ ಯಾರೋ ಕಂಡೋರ್ ಮಾಡುದ್ದು ಅಂತಾಯ್ತದೆ. ಅವತ್ತು ಕೋರ್ಟಲ್ಲಿ ಚಲುವರಾಜು ಬಿನ್ ಸಣ್ಣಬೀರಯ್ಯ ಅಂತ ಮೂರ್ ದಪ ಕೂಗುದ್ರು. ಅದ್ನ ಮಾಡ್ದೋನೂ ಅವ್ನೆ, ಇದ್ನ ಮಾಡ್ದೋನೂ ಅವ್ನೆ. ಅದುಕ್ ಕೂಗುದ್ಮೇಲೆ ಇದುಕ್ಕೂ ಕೂಗ್ಲಿ ಬುಡು. ಆದ್ರೆ ಆ ಉಡ್ಗುನ್ಗೂ ಒಂದ್ ಎಸ್ರಿತ್ತು. ಯಾರೋ ಉಡ್ಗ ಅಂತ ಬರೀಬ್ಯಾಡಿ. ನೀಲಕಂಠಸ್ವಾಮಿ ಅಂತ ಬರೀರಿ. ಪೂರ್ತಿ ಬರೀರಿ.’ ಆಗಲಿ ಎಂದೆ. ಒಳಗೆ ಬಾ ಎಂದು ಆಗಲೂ ಕರೆಯಲಿಲ್ಲ. ನಾನು ಅಂಗಳ ದಾಟುವಾಗ ಹಿಂದಿನಿಂದ, ‘ಉಡ್ಗಿ ಎಷ್ಟ್ನೇ ಕಿಳಾಸು?’ ಎಂದರು. ನಾಲ್ಕನೆಯದು ಎಂದೆ. ‘ಊಂ’ ಎಂದರು. ಅಷ್ಟೇ. ನನ್ನ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಜಗಲಿಯ ಮೇಲಿಟ್ಟು ಬಂದೆ.

ಈಗ ಹೇಳಿ, ಏನು ಮಾಡೋಣ? ಟೀಚರು ಹೀಗೆ ಬರೆಯುತ್ತಾರಂತೆ: ಮಾಡಿದವರು ಚಲುವರಾಜು. ಬಣ್ಣ ಹಾಕಿದವರು ಚಿಕ್ಕಮಾದಯ್ಯ. ಬದುವಿನ ಮೇಲೆ ಕೂತವರು ನೀಲಕಂಠಸ್ವಾಮಿ ಮತ್ತು ಚಲುವರಾಜು. ಡಿಕ್ಷನರಿಯನ್ನು ಬರೆದವರು ಯಾರೆಂದು ಮೊದಲ ಹಾಳೆಗಳಿಲ್ಲದ್ದರಿಂದ ತಿಳಿಯದು ಎಂದೂ ಸೇರಿಸುತ್ತಾರಂತೆ, ಅವರದೂ ಶ್ರಮವಲ್ಲವೇ ಎನ್ನುತ್ತಾರೆ. ನೋಡಿ, ಮದುವೆಯಾದಾಗಿನಿಂದ ನಿಮ್ಮ ಹೆಸರನ್ನು ಬಾಯಲ್ಲಿ ಹೇಳಿರಲಿಲ್ಲ, ಈ ಒಂದು ಕಾಗದದಲ್ಲಿ ಎಷ್ಟು ಸಲ ಬರೆದೆ! ಆದರೆ ನೀವು ಚೆನ್ನಾಗಿ ಯೋಚಿಸಬೇಕು. ನಿಮ್ಮದೊಂದೇ ಹೆಸರಾದರೆ ಚೆಂದದ ಕೆಲಸ ಮಾಡಿದವರು ಎಂದಷ್ಟೇ ಜನಕ್ಕೆ ಗೊತ್ತಾಗುತ್ತದೆ. ಎರಡು ಹೆಸರೂ ಜೊತೆಗೆ ಬಂದರೆ, ಇವರು ಯಾರು, ಈಗೆಲ್ಲಿದ್ದಾರೆ ಎಂದು ಕೇಳುವವರು ಕೇಳಿಯೇ ಕೇಳುತ್ತಾರೆ. ಹೊಗಳಿದ ಬಾಯಿಯೇ ಬೈದೀತು. ಪುಟ್ಟಿಗೂ ಶಾಲೆಯಲ್ಲಿ ನಾಲ್ಕು ಮಾತು ಬರಬಹುದು. ಅವಳನ್ನು ಕೇಳಿದೆ. ‘ಬಂದ್ರೆ ಬರ್ಲಿ, ಮಿಸ್ ಇದ್ದಾರಲ್ಲ’ ಎಂದಳು. ನನ್ನನ್ನು ಕೇಳಿದರೆ, ಬರೆದರೆ ಎರಡೂ ಬರೆಯಬೇಕು, ಇಲ್ಲವಾದರೆ ಒಂದೂ ಬೇಡ. ದೊಡ್ಡವ್ವನಿಗೆ ಕೊಟ್ಟ ಮಾತು ಅದು. ರಾಮಮ್ಮನವರಿಗೆ ನಾನೇ ಹೇಳುತ್ತೇನೆ, ಮನೆ ಬಿಡಿ ಎಂದರೆ ಇನ್ನೊಂದು ಮನೆ ನೋಡಿದರಾಯಿತು. ಚಿಕ್ಕಮಾದಯ್ಯನವರನ್ನು ಮರೆಯದೆ ಕೇಳಿ. ಅವರಿಗೆ ಸರಗೂರಿನಲ್ಲಿ ಮಗಳಿದ್ದಾಳೆ, ಯಾರೂ ನೋಡಲು ಬರುವುದಿಲ್ಲ ಎಂದಿದ್ದಿರಿ. ಹೆಸರು ಕಂಡರೆ ಆ ಮಗಳಿಗೆ ಸಂಕಟವೋ ಸಂತೋಷವೋ ಅವರಿಗೇ ಗೊತ್ತು. ಬೇಡ ಎಂದರೆ, ‘ಬಣ್ಣ ಹಾಕಿದವರು ಇನ್ನೊಬ್ಬರಿದ್ದಾರೆ, ಹೆಸರು ಬೇಡವೆಂದಿದ್ದಾರೆ’ ಎಂದೇ ಬರೆಯುತ್ತಾರಂತೆ. ಇಲ್ಲದವರ ಹಾಗೆ ಮಾತ್ರ ಮಾಡುವುದಿಲ್ಲವಂತೆ.

ರಾಗಿ ಹಿಟ್ಟು ಮುಗಿದಿದೆ, ಸಂಜೆ ಗಿರಣಿಗೆ ಹೋಗಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ. ಕೆಮ್ಮಿನ ವಿಷಯ ತಪ್ಪದೆ ಬರೆಯಿರಿ. ಚಿಕ್ಕಮಾದಯ್ಯನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಅರಿಸಿನದ ರಾಗಿ ಇನ್ನೂ ಮಾಸಿಲ್ಲ ಎಂದು ಪುಟ್ಟಿ ಹೇಳಲು ಹೇಳಿದ್ದಾಳೆ. ಅವಳ ಮುತ್ತುಗಳು ಬೇಕಾದಷ್ಟಿವೆ. ಚಾಮುಂಡಿ ತಾಯಿ ಬೆಟ್ಟದ ಮೇಲಿಂದ ನಿಮ್ಮನ್ನು ನೋಡಿಕೊಳ್ಳಲಿ.

ನಿಮ್ಮ
ಪವಿತ್ರಾ

ತಾ.ಕ.: ಕವರು ಅಂಟಿಸುತ್ತಿದ್ದೆ, ಅಷ್ಟರಲ್ಲಿ ದೊಡ್ಡವ್ವ ಪಕ್ಕದ ಮನೆಯವರ ಫೋನಿನಿಂದ ಮಾತಾಡಿದರು. ಟಪಾಲು ಕಟ್ಟುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡಿ. ‘ಮುಂದ್ಲ ಸತಿ ನೀನ್ ಓಗುವಾಗ ನಾನೂ ಬತ್ತೀನಿ. ಮಾಪ್ ಮಾಡಕ್ ಬತ್ತಾವ್ಳೆ ಅಂತ ಅನ್ಕಬ್ಯಾಡ ಅನ್ನು ಅವನ್ಗೆ. ಬದುವಿನ್ ಮೇಲೆ ಅವತ್ತು ಇದ್ದೋರು ಇಬ್ರೇ. ನನ್ ಮಗ ಕಡೇಲಿ ಏನಂದ ಅಂತ ಇನ್ ಯಾರ್ನ ಕೇಳ್ಲವ್ವ ನಾನು?’ ಎಂದರು. ನನ್ನ ಉತ್ತರಕ್ಕೆ ಕಾಯದೆ ಫೋನ್ ಇಟ್ಟರು. ಹೊಸಬರು ನೋಡಲು ಬರಬೇಕಾದರೆ ಹೆಸರನ್ನು ಒಳಗಿನಿಂದ ನೀವೇ ಕೊಡಬೇಕಂತಲ್ಲ. ಪುಸ್ತಕದ ಹೆಸರುಗಳು ನಿಧಾನವಾಗಿ ಬರಲಿ, ಟೀಚರು ಕಾಯುತ್ತಾರೆ. ಮೊದಲು ಅಲ್ಲಿ ಸುನಂದಮ್ಮ ಎಂದು ಬರೆಸಿ.